ಹೇಳಂಗಿಲ್ಲ ಸಿಸ್ಟರ್

ಹೋದ ತಿಂಗಳು ಸೇಲಂನಿಂದ ಹರೂರಿಗೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಕಾಲ ಬಳಿ ಒಂದು ಗೋಣಿಚೀಲ ಇಟ್ಟುಕೊಂಡಿದ್ದಳು. ಮಂಜವಾಡಿ ಕಣಿವೆಯ ತಿರುವುಗಳಲ್ಲಿ ಬಸ್ಸು ವಾಲಿದಾಗಲೆಲ್ಲ ಚೀಲ ನನ್ನ ಕಡೆ ಸರಿದು ಹೊಸ ಹುಣಸೆಹಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಹುಳಿಗೂ ಬೆಲ್ಲಕ್ಕೂ ನಡುವಿನ ಆ ವಾಸನೆಗೆ ಬೇರೆಯವರ ಬಾಯಲ್ಲಿ ನೀರೂರುತ್ತದೆ. ನನ್ನ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಒಂದಿಡೀ ಹುಣಸೆ ಸುಗ್ಗಿಯನ್ನು ಬಾಯಿ ಮುಚ್ಚಿಕೊಂಡು ಕಳೆದವಳು ನಾನು.

ಮೊದಲೇ ಹೇಳಿಬಿಡುತ್ತೇನೆ, ನಾನು ಭಯದ ಪ್ರಾಣಿ. ಬಸ್ಸು ಹತ್ತುವ ಮುಂಚೆ ಬೋರ್ಡು ಓದಿ, ಕಂಡಕ್ಟರನ್ನು ಕೇಳಿ, ಕೂತ ಮೇಲೆ ಪಕ್ಕದವರನ್ನೂ ಒಮ್ಮೆ ಕೇಳುವವಳು. ಇಂಜೆಕ್ಷನ್ ಕೊಟ್ಟಾದ ಮೇಲೂ ಖಾಲಿ ಬಾಟಲಿಯ ಹೆಸರನ್ನು ಇನ್ನೊಂದು ಸಲ ಓದುತ್ತೇನೆ. ನರ್ಸಿಗೆ ಇದು ಒಳ್ಳೆಯ ಗುಣ ಎಂದು ಡಾಕ್ಟರುಗಳು ಹೇಳುತ್ತಾರೆ. ನನ್ನ ಗಂಡ ಹೇಳುವುದು ಬೇರೆ.

ಕೆಲವು ವರ್ಷಗಳ ಹಿಂದೆ ನನ್ನನ್ನು ಸೇಲಂನಿಂದ ತೆಗೆದು ಹರೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಗೆ ಹಾಕಿದರು. ಆಸ್ಪತ್ರೆಯ ಹೆಸರು ಬೇಡ. ಇಲ್ಲಿ ಬರುವ ಹುಡುಗಿಯನ್ನು ಮಲ್ಲಿ ಎಂದು ಕರೆಯುತ್ತೇನೆ. ಅವಳ ಹೆಸರು ಮಲ್ಲಿ ಅಲ್ಲ. ಅವಳ ಕಾಯಿಲೆ ಯಾವುದೆಂದೂ ಹೇಳುವುದಿಲ್ಲ. ಬರೆಯುವ ಮೊದಲು ಅವಳನ್ನು ಕೇಳಿದ್ದೇನೆ. "ಬರೀರಿ ಅಕ್ಕಾ, ಅದೊಂದು ಬಿಟ್ಟು," ಅಂದಳು. ಅಂಟುವ ಕಾಯಿಲೆಯಲ್ಲ. ದಿನಾ ಮಾತ್ರೆ ನುಂಗಿದರೆ ಮದುವೆಗೂ ಮಕ್ಕಳಿಗೂ ಅಡ್ಡಿಯಿಲ್ಲ. ನಿಲ್ಲಿಸಿದರೆ ಜೀವಕ್ಕೇ ಬರಬಹುದು. ಊರಿನ ಬಾಯಿಗೆ ಬಿದ್ದರೆ ಮಾತ್ರ ಅದಕ್ಕೆ ಮಾತ್ರೆಯಿಲ್ಲ. ಓದುವವರಿಗೆ ಇಷ್ಟು ತಿಳಿದರೆ ಸಾಕು. ಸರೋಜ ಚಿಕ್ಕಮ್ಮನ ಒಪ್ಪಿಗೆಯನ್ನೂ ತೆಗೆದುಕೊಂಡಿದ್ದೇನೆ. ನಮ್ಮದು ತಮಿಳು ಸೀಮೆಯಲ್ಲಿ ಕನ್ನಡ ಆಡುವ ಮನೆ. ನಾನಾದರೂ ಹೊಸೂರಿನ ಸೋದರಮಾವನ ಮನೆಯಲ್ಲಿದ್ದು ಕನ್ನಡ ಅಕ್ಷರ ಕಲಿತೆ. ಚಿಕ್ಕಮ್ಮ ಆಡುವುದೆಲ್ಲ ಕನ್ನಡವಾದರೂ ಓದಲು ಬಾರದು. ಬರೆದದ್ದನ್ನು ಫೋನಿನಲ್ಲಿ ಓದಿ ಕೇಳಿಸಿದೆ. ಅವಳ ತಕರಾರು ಒಂದೇ: "ನನ್ನ ಮುದ್ದೇಲಿ ಗಂಟು ಇತ್ತು ಅಂತ ಬರೆದಿದ್ದೀಯಲ್ಲ, ಅದು ತೆಗಿ." ತೆಗೆದಿದ್ದೇನೆ.

ಚಿಕ್ಕಮ್ಮ ಅಂದರೆ ನನ್ನ ಅವ್ವನ ತಂಗಿ. ಅವಳ ಊರು ಆಸ್ಪತ್ರೆಯಿಂದ ಟೌನ್ ಬಸ್ಸಿನ ದೂರ. ಚಿಕ್ಕಪ್ಪ ಹೋದ ಮೇಲೆ ಹೊಲ, ದನ, ಹೊಲದ ಬದುವಿನ ಹುಣಸೆಮರ ಎಲ್ಲ ಅವಳದೇ ಯಜಮಾನಿಕೆ. ಮಗ ಶೇಖರ ಗೂಡ್ಸ್ ಆಟೋ ಓಡಿಸುತ್ತಿದ್ದ. "ತಂಗಿ ಮನೆ ಇರೋವಾಗ ನನ್ನ ಮಗಳು ಬಾಡಿಗೆ ರೂಮಲ್ಲಿ ಇರೋದಾ?" ಎಂದು ಅವ್ವ ಹಟ ಹಿಡಿದಳು. ಹೀಗೆ ವಾರವೆಲ್ಲ ಚಿಕ್ಕಮ್ಮನ ಮನೆ, ಭಾನುವಾರ ಸೇಲಂನಲ್ಲಿ ಗಂಡ ಮಕ್ಕಳು ಎಂದಾಯಿತು. ನಾನು ಹೋದದ್ದು ಹುಣಸೆ ಇಳಿಸುವ ಕಾಲದಲ್ಲಿ. ಬಿಸಿಲು ಬೆಳಿಗ್ಗೆಯೇ ಏರಿ ಕೂರುತ್ತಿತ್ತು. ಸಂಜೆ ನಾನು ಬರುವ ಹೊತ್ತಿಗೆ ಜಗಲಿ ತುಂಬ ಹೆಂಗಸರು. ಕಲ್ಲಿನ ಮೇಲೆ ಹುಣಸೆ ಇಟ್ಟು ಕೊಡತಿಯಲ್ಲಿ ಬಡಿದು ಓಡು ಬಿಡಿಸುವವರು ಒಂದು ಕಡೆ, ಬೀಜ ತೆಗೆಯುವವರು ಇನ್ನೊಂದು ಕಡೆ.

ಹುಣಸೆ ಬಡಿಯುವ ಜಗಲಿಗೆ ಇನ್ನೊಂದು ಕೆಲಸವೂ ಇದೆ ಎಂದು ನನಗೆ ತಿಳಿದದ್ದು ನಿಧಾನವಾಗಿ. ಆ ಕಡೆ ಮದುವೆಗಳು ಬೇಸಿಗೆಯ ಚಿತ್ತಿರೈ, ವೈಗಾಸಿ ತಿಂಗಳುಗಳಲ್ಲಿ. ಅದಕ್ಕೆ ಮುಂಚಿನ ವಿಚಾರಣೆ ಎಲ್ಲ ಹುಣಸೆ ಬಡಿಯುವಾಗಲೇ ಮುಗಿಯಬೇಕು. ಯಾರ ಮಗಳು ಹೇಗೆ, ಯಾರ ಮಗ ಕುಡಿಯುತ್ತಾನೆ, ಯಾರ ಮನೆಯಲ್ಲಿ ಯಾವ ರೋಗ ಹರಿದು ಬಂದಿದೆ. ಬೀಜ ಬಟ್ಟಲಿಗೆ ಬಿದ್ದಷ್ಟೂ ಸುದ್ದಿ ಹೊರಗೆ ಬೀಳುತ್ತಿತ್ತು. ವಿಚಾರಿಸಿದಾಗ ಗೊತ್ತಿದ್ದದ್ದನ್ನು ಹೇಳುವುದು ಅಲ್ಲಿ ಚಾಡಿಯಲ್ಲ, ಧರ್ಮ. ಹೇಳದೆ ಮುಚ್ಚಿಟ್ಟರೆ ಒಂದು ಮನೆ ಹಾಳು ಮಾಡಿದ ಪಾಪ. ಇಂಥ ಜಗಲಿಗೆ ಆಸ್ಪತ್ರೆಯ ನರ್ಸಮ್ಮ ದಿನಾ ಸಂಜೆ ಚಪ್ಪಲಿ ಬಿಟ್ಟು ಬಂದು ಕೂರುತ್ತಾಳೆಂದರೆ ಊರಿಗೆ ಎಷ್ಟು ಅನುಕೂಲ.

ಒಂದು ಸಂಜೆ ಮುದ್ದೆ ಬಡಿಸುತ್ತ ಚಿಕ್ಕಮ್ಮ ಶೇಖರನಿಗೆ ಒಂದು ಹೆಣ್ಣು ಕುದುರಿದೆ ಅಂದಳು. ಪಾಪಿರೆಡ್ಡಿಪಟ್ಟಿ ಕಡೆಯವರು, ನಮ್ಮ ಮಾತೇ ಆಡುವವರು, ಹುಡುಗಿ ಮಕ್ಕಳ ಇಸ್ಕೂಲಲ್ಲಿ ಟೀಚರ್. ಅಪ್ಪನ ಹೆಸರು ಹೇಳಿದಳು, ಊರು ಹೇಳಿದಳು. ಗಂಟಿಲ್ಲದ ಮುದ್ದೆಯೂ ನನ್ನ ಗಂಟಲಲ್ಲಿ ನಿಂತಿತು. ತಿಂಗಳಿಗೊಮ್ಮೆ ಬಂದು ನನ್ನ ಕೈಯಿಂದಲೇ ಮಾತ್ರೆ ತೆಗೆದುಕೊಂಡು ಹೋಗುವ ಮಲ್ಲಿ ಅದು.

"ಅವಳು ನಿಮ್ಮ ಆಸ್ಪತ್ರಿಗೆ ಬಂದು ಓಗ್ತಾಳಂತಲ್ಲ," ಚಿಕ್ಕಮ್ಮ ಸಾರು ಹಾಕುತ್ತ ಕೇಳಿದಳು. "ಏನು ವಿಷಯ?"

"ಆಸ್ಪತ್ರೆ ವಿಷಯ ಹೊರಗೆ ಹೇಳಂಗಿಲ್ಲ ಚಿಕ್ಕವ್ವ. ಹೇಳಿದ್ರೆ ನನ್ನ ಕೆಲಸಕ್ಕೇ ಬರ್ತದೆ."

"ಹೊರಗೆ ಅಂದ್ರೆ ಬೀದಿ. ನಾನು ಬೀದಿಯಾ?"

"ನನ್ನ ಗಂಡಂಗೂ ಹೇಳಲ್ಲ."

"ಗಂಡಂಗೆ ಯಾರು ಹೇಳ್ತಾರೆ. ನಾನು ಕೇಳ್ತಿರೋದು ನನಗೆ." ಸೌಟು ಪಾತ್ರೆಯಲ್ಲಿ ನಿಂತಿತು. "ಹೇಳಂಗಿಲ್ಲ ಅಂದ್ರೆ ಏನೋ ಐತೆ. ಇಲ್ದಿದ್ರೆ ಇಲ್ಲ ಅಂತಿದ್ದೆ."

ನರ್ಸಿಂಗ್ ಕಲಿಯುವಾಗ ರೋಗಿಯ ವಿಷಯ ಗುಟ್ಟಾಗಿಡಬೇಕು ಎಂದು ಬಾಯಿಪಾಠ ಮಾಡಿಸಿದ್ದರು. ಮುರಿದರೆ ಕೌನ್ಸಿಲ್ ಏನು ಮಾಡಬಹುದು, ಕೋರ್ಟು ಏನು ಮಾಡಬಹುದು ಎಂದೂ ಹೇಳಿದ್ದರು. ಗುಟ್ಟಾಗಿಟ್ಟದ್ದೇ ಗುಟ್ಟು ಹೊರಗೆ ಬಂದಂತಾದರೆ ಏನು ಮಾಡಬೇಕೆಂದು ಯಾವ ಟೀಚರೂ ಹೇಳಿರಲಿಲ್ಲ.

ಮಾರನೆಯ ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಿ.ಪಿ. ನೋಡುವಾಗ ರೋಗಿಯದ್ದಕ್ಕಿಂತ ನನ್ನದೇ ಹೆಚ್ಚಿರಬೇಕು ಅನ್ನಿಸುತ್ತಿತ್ತು. ಶೇಖರ ನನ್ನ ತಮ್ಮ. ನಾನು ಎತ್ತಿ ಆಡಿಸಿದವನು. ನಾಳೆ ಅವನು "ಗೊತ್ತಿದ್ದೂ ಹೇಳಲಿಲ್ಲವಲ್ಲ" ಅಂದರೆ? ಮಲ್ಲಿ ನನ್ನ ರೋಗಿ. ನಾಳೆ ಅವಳು "ನಂಬಿದ್ದೆನಲ್ಲ" ಅಂದರೆ? ಎರಡೂ ಪ್ರಶ್ನೆಗೆ ಉತ್ತರ ಹುಡುಕುತ್ತ, ಒಬ್ಬ ಅಜ್ಜಿಯ ಒಂದೇ ಕೈಗೆ ಪಟ್ಟಿ ಸುತ್ತಿ ಬಿಚ್ಚಿ ಮತ್ತೆ ಸುತ್ತಿದೆ. ಅಜ್ಜಿ "ಕೈ ಸರಿಯಾಗೈತೆ ಬಿಡಮ್ಮ, ನಿನಗೇನಾಗೈತೆ?" ಅಂದಳು.

ಸಂಜೆ ಜಗಲಿಯಲ್ಲಿ ಚಿಕ್ಕಮ್ಮ ಕೊಡತಿ ಹಿಡಿದು ಕಾಯುತ್ತಿದ್ದಳು. ಅವಳು ಓದದಿದ್ದರೇನು, ಬುದ್ಧಿ ಕತ್ತರಿ. ಬೇರೆ ದಾರಿಯಲ್ಲಿ ಬಂದಳು. "ಪಾಪಿರೆಡ್ಡಿಪಟ್ಟಿ ವಿಷಯ ಬಿಡು. ಆ ಅಂಗಡಿಯವರ ಮಗಳೂ ಆಸ್ಪತ್ರಿಗೆ ಬಂದಿದ್ಲಂತೆ. ಅವಳಿಗೇನಾಗಿತ್ತು?"

ಅಂಗಡಿಯವರ ಮಗಳಿಗೆ ಏನೂ ಆಗಿರಲಿಲ್ಲ. "ಏನಿಲ್ಲ, ಸುಮ್ನೆ ನೆಗಡಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ಹೊಳೆಯಿತು. ಇವಳಿಗೆ ಏನಿಲ್ಲ ಎಂದು ಈಗ ಹೇಳಿದರೆ, ಅವಳಿಗೆ ಏನೋ ಇದೆ ಎಂದು ನಿನ್ನೆಯೇ ಹೇಳಿದಂತೆ. ಒಬ್ಬಳ ಗುಟ್ಟು ಉಳಿಯಬೇಕಾದರೆ ಊರೆಲ್ಲದರ ನೆಗಡಿಯನ್ನೂ ಮುಚ್ಚಿಡಬೇಕು.

"ಹೇಳಂಗಿಲ್ಲ ಚಿಕ್ಕವ್ವ."

"ಅದೂ ಇಲ್ವಾ? ಸರಿ, ಈ ಮಾದ ತಾತನ ಕೆಮ್ಮು?"

ಮಾದ ತಾತ ಪಕ್ಕದ ಮನೆಯವರು, ಅಲ್ಲೇ ಕಂಬಕ್ಕೊರಗಿ ಕೂತು ಕೆಮ್ಮುತ್ತಿದ್ದರು. "ಹೇಳಂಗಿಲ್ಲ," ಅಂದೆ.

"ನನ್ನ ಕೆಮ್ಮೇ ಕಣಮ್ಮಾ," ತಾತ ಅಂದರು. "ನಾನೇ ಇಲ್ಲಿದ್ದೀನಿ. ಹೇಳು ಪರವಾಗಿಲ್ಲ."

"ನೀವೇ ಹೇಳ್ಕೊಳ್ಳಿ ತಾತಾ. ನಾನು ಹೇಳಂಗಿಲ್ಲ."

"ಬೀಡಿ ಬಿಡು ಅಂದ್ಲು," ಎಂದು ತಾತ ಜಗಲಿಗೆಲ್ಲ ಸಾರಿದರು. "ಅದು ಇಷ್ಟು ದೊಡ್ಡ ರಹಸ್ಯ ಅಂತ ಗೊತ್ತಿದ್ರೆ ಸೇದೋದು ಯಾವಾಗ್ಲೋ ಬಿಡ್ತಿದ್ದೆ."

ಹೆಂಗಸರು ನಕ್ಕು ಸುಸ್ತಾದರು. ಮಾರನೆಯ ದಿನದಿಂದ ನಾನು ಹೇಳಂಗಿಲ್ಲ ಸಿಸ್ಟರ್. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನೂ "ಸಿಸ್ಟರ್, ಬಸ್ ಪೋಯಿಡ್ಚಾ? ಹೋಯ್ತಾ ಇಲ್ವಾ, ಅದಾದ್ರೂ ಹೇಳ್ತೀರಾ?" ಎಂದು ತಮಿಳು ಕನ್ನಡ ಸೇರಿಸಿ ಕೇಳುತ್ತಿದ್ದ. ನಗುವವರು ನಗಲಿ ಎಂದುಕೊಂಡೆ. ಆದರೆ ಪ್ರತಿ ಸಂಜೆ ಆ ಜಗಲಿ ಹತ್ತುವುದೆಂದರೆ ಪರೀಕ್ಷೆಗೆ ಹೋದಂತೆ. ಮುಖದಲ್ಲಾದರೂ ಏನಾದರೂ ತೋರಿಬಿಟ್ಟರೆ ಎಂದು ಅಂಗಡಿಯವರ ಮಗಳ ಹೆಸರು ಬಂದಾಗಲೂ ಮುಖ ಗಂಟಿಕ್ಕಿಕೊಳ್ಳುತ್ತಿದ್ದೆ. ಪಾಪ, ಆ ಹುಡುಗಿಗೆ ಏನೋ ದೊಡ್ಡದೇ ಇರಬೇಕೆಂದು ಯಾರೋ ಅಂದರಂತೆ. ಅದಕ್ಕೊಂದು ಹೊಸ ಚಿಂತೆ ಶುರುವಾಯಿತು.

ನಂತರ ಮಲ್ಲಿಯ ಅಪ್ಪ ಬಂದರು. ಆಸ್ಪತ್ರೆಯ ಹಿಂದಿನ ಬೇವಿನ ಮರದ ಕೆಳಗೆ, ಕೈಯಲ್ಲಿ ಒಂದು ಚೀಲ ಮಾವಿನಕಾಯಿ. ಚೀಲ ತೆಗೆದುಕೊಳ್ಳಲಿಲ್ಲ.

"ನಿಮ್ಮ ಚಿಕ್ಕವ್ವಂಗೆ ಒಂದು ಮಾತು ಹೇಳ್ಬಿಡಿ ತಾಯಿ. ಹುಡುಗಿಗೆ ಏನಿಲ್ಲ, ಮೈಗೆ ಶಕ್ತಿ ಬರ್ಲಿ ಅಂತ ಸತ್ತಿನ ಮಾತ್ರೆ ತಗೊಳ್ಳೋಕೆ ಬರ್ತಾಳೆ ಅಂತ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ನಿಮ್ಮನ್ನ ಕೇಳ್ತಿರೋದು ಒಂದೇ."

"ಇರೋದನ್ನೂ ಹೇಳಲ್ಲ ಅಪ್ಪಾ, ಇಲ್ದೇ ಇರೋದನ್ನೂ ಹೇಳಲ್ಲ."

"ನೀವು ಸುಮ್ನಿದ್ರೂ ನನ್ನ ಮಗಳ ಬಾಳು ಓಗ್ತೈತೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಸುಲಭವಿತ್ತು. "ಮದುವೆ ತಿಂಗಳು ಮಾತ್ರೆ ನಿಲ್ಸು ಅಂತ ಅವಳಿಗೆ ಹೇಳಿದ್ದೀನಿ. ಹೊಸ ಮನೇಲಿ ಯಾರ ಕಣ್ಣಿಗಾದ್ರೂ ಬಿದ್ರೆ? ಒಂದು ತಿಂಗಳಲ್ಲಿ ಏನಾಗ್ತೈತೆ?"

 ಅಷ್ಟು ದಿನ ನಾನು ಕಾಯುತ್ತಿದ್ದದ್ದು ಒಂದು ಗುಟ್ಟನ್ನು ಎಂದುಕೊಂಡಿದ್ದೆ. ಆ ಗುಟ್ಟಿನ ಸಲುವಾಗಿಯೇ ಹುಡುಗಿ ಸಾಯಬಹುದಿತ್ತು. ಅವರನ್ನು ಕೈ ಹಿಡಿದು ಎಳೆದುಕೊಂಡೇ ಡಾಕ್ಟರ ಮುಂದೆ ಕೂರಿಸಿದೆ. ಡಾಕ್ಟರು ತಮಿಳಿನಲ್ಲಿ ಗದರಿ, ಆಮೇಲೆ ಸಮಾಧಾನದಿಂದ ಎಲ್ಲ ವಿವರಿಸಿದರು. ಅಪ್ಪ ತಲೆಯಾಡಿಸುತ್ತ ಕೂತಿದ್ದರು. ಅಲ್ಲಿಯ ತಲೆಯಾಡಿಸುವಿಕೆ ಎಷ್ಟು ಒಪ್ಪಿಗೆ, ಎಷ್ಟು ಮರ್ಯಾದೆ ಎಂದು ನನಗೆ ಗೊತ್ತಿತ್ತು.

ಮಲ್ಲಿ ಅದೇ ವಾರ ಮಾತ್ರೆಗೆ ಬಂದಳು. ಸಾಲು ಕರಗುವವರೆಗೆ ಕಾದು, ಕಿಟಕಿಯ ಪಕ್ಕಕ್ಕೆ ಕರೆದೆ.

"ಅಪ್ಪ ನಿಲ್ಸು ಅಂದ್ರೂ ನಿಲ್ಸಂಗಿಲ್ಲ," ಅಂದೆ. "ಒಂದು ದಿನಾನೂ."

"ಗೊತ್ತು ಅಕ್ಕಾ." ಕೈಯಲ್ಲಿದ್ದ ಮಾತ್ರೆ ಎಣಿಸುತ್ತ, "ನನ್ನ ನೋಡೋಕೆ ಬರೋರು ನಿಮ್ಮ ತಮ್ಮ ಅಲ್ವಾ?" ಅಂದಳು.

"ತಮ್ಮನೇ."

"ಹೇಳಿದ್ರಾ?"

"ಇಲ್ಲ. ಹೇಳೋದೂ ಇಲ್ಲ."

"ಒಂದೊಂದ್ಸಲ ನೀವೇ ಹೇಳ್ಬಿಟ್ರೆ ಚೆನ್ನಾಗಿರ್ತದೆ ಅನ್ಸುತ್ತೆ. ನಾನು ಹೇಳೋದು ತಪ್ತದೆ."

"ನೀನು ಹೇಳು ಅಂದ್ರೆ ಹೇಳಬಹುದು. ಆದ್ರೆ ನಾನು ಹೇಳಿದ್ರೆ ಅದು ಕಾಯಿಲೆ ವಿಷಯ ಆಗ್ತದೆ. ನೀನು ಹೇಳಿದ್ರೆ ನಿನ್ನ ವಿಷಯ. ಹೇಳೋದೋ ಬಿಡೋದೋ ನಿನ್ನಿಷ್ಟ ಕಣಮ್ಮಾ. ಮಾತ್ರೆ ಮಾತ್ರ ನಿನ್ನಿಷ್ಟ ಅಲ್ಲ."

ಅವಳು ಮಾತ್ರೆಯನ್ನು ಬ್ಯಾಗಿಗೆ ಹಾಕಿಕೊಂಡು ಹೋದಳು. ನಾನು ಅಲ್ಲೇ ನಿಂತು ನನ್ನ ಮಾತನ್ನು ತೂಗಿ ನೋಡತೊಡಗಿದೆ. ನಿನ್ನಿಷ್ಟ ಎಂದೆ, ನಿಜ. ಯಾವ ದನಿಯಲ್ಲಿ ಎಂದೆ? ನನ್ನ ತಮ್ಮನಿಗೆ ತಿಳಿಯಲಿ ಎಂಬ ಆಸೆ ಅದರಲ್ಲಿ ಎಷ್ಟಿತ್ತು? ನರ್ಸು ಮಾತಾಡಿದಳೋ ಅಕ್ಕ ಮಾತಾಡಿದಳೋ?

ಹೆಣ್ಣು ನೋಡಲು ಹೋದ ದಿನ ನನ್ನನ್ನೂ ಕರೆದುಕೊಂಡು ಹೋದರು. ಬರುವುದಿಲ್ಲ ಎಂದರೆ ಅದೂ ಒಂದು ಉತ್ತರವಾಗುತ್ತಿತ್ತು. ಶೇಖರನ ಗೂಡ್ಸ್ ಆಟೋದ ಹಿಂದೆ ಜಮಖಾನ ಹಾಸಿ, ಹೂವಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಚಿಕ್ಕಮ್ಮ ಕೂತಿದ್ದಳು. ಒಪ್ಪಿಗೆಯಾದರೆ ಅಂದೇ ಹೂ ಮುಡಿಸಿ ಬರುವುದೆಂದು. ಕಾಫಿ ಆಯಿತು, ಮಾತಾಯಿತು. ಹುಡುಗ ಹುಡುಗಿ ಹಿತ್ತಲಲ್ಲಿ ನಾಲ್ಕು ಮಾತಾಡಲಿ ಎಂದರು. ಮಲ್ಲಿ ಎದ್ದವಳು ನನ್ನ ಕಡೆ ನೋಡಿ, "ಅಕ್ಕನೂ ಬರ್ಲಿ," ಅಂದಳು.

ಹಿತ್ತಲಲ್ಲಿ ಮರಗೆಣಸಿನ ಗಿಡಗಳು ಬಾಡಿ ನಿಂತಿದ್ದವು. ಮಲ್ಲಿ ಸೆರಗಿನ ತುದಿಯನ್ನಾಗಲಿ ನೆಲವನ್ನಾಗಲಿ ನೋಡಲಿಲ್ಲ. ಶೇಖರನ ಮುಖ ನೋಡಿಕೊಂಡೇ ಕಾಯಿಲೆಯ ಹೆಸರು ಹೇಳಿದಳು; ಯಾವಾಗಿನಿಂದ, ಏನಾಗುತ್ತದೆ, ಏನಾಗುವುದಿಲ್ಲ, ಎಲ್ಲ ಮಕ್ಕಳಿಗೆ ಪಾಠ ಹೇಳಿದಂತೆ ಹೇಳಿದಳು. 

"ದಿನಾ ನುಂಗ್ಬೇಕಾ?" ಶೇಖರ ಕೇಳಿದ.

"ದಿನಾ."

ಅವನು ನನ್ನತ್ತ ತಿರುಗಿದ. "ಅಕ್ಕಾ, ನಿಂಗೆ ಗೊತ್ತಿತ್ತಾ?"

ಏನು ಹೇಳಲಿ, ಇಡೀ ಸುಗ್ಗಿ ಅದೊಂದೇ ಮಾತನ್ನು ಕುಟ್ಟಿ ಕುಟ್ಟಿ ನಾಲಿಗೆ ಅದೇ ಆಕಾರಕ್ಕೆ ಬಂದಿತ್ತು. "ಹೇಳಂಗಿಲ್ಲ," ಅಂದೆ.

ಮಲ್ಲಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. "ಹೇಳಿ ಅಕ್ಕಾ. ನಾನೇ ಇಲ್ಲಿ ಎಲ್ಲ ಹೇಳ್ತಿದ್ದೀನಲ್ಲ." ಶೇಖರನೂ ನಕ್ಕ. ಅವಳನ್ನು ನೋಡುತ್ತ ನಕ್ಕ. ನಾನು ಮಾತ್ರ ಗೊತ್ತಿತ್ತು ಎಂದು ತಲೆಯಾಡಿಸಿ, ಅಷ್ಟಕ್ಕೂ ಅವಳ ಅನುಮತಿ ಪೂರ್ತಿ ಸಿಕ್ಕಿತೇ ಎಂದು ಅವಳ ಮುಖ ಮತ್ತೊಮ್ಮೆ ನೋಡಿದೆ.

ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನ. "ಅವ್ವಂಗೂ ಹೇಳ್ಬೇಕು," ಎಂದು ಶೇಖರ ಅಂದ. "ನಾನೇ ಹೇಳ್ತೀನಿ," ಎಂದು ಮಲ್ಲಿ ಒಳಗೆ ಹೋದಳು. ಚಿಕ್ಕಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತುಂಬಿದ ಮನೆಯಲ್ಲಿ ಎಲ್ಲರಿಗೂ ಕೇಳುವಂತೆ, "ಸೀಕು ಹೆಣ್ಣನ್ನ ಕಟ್ಕೊಂಡು ನನ್ನ ಮಗ ಜೀವಮಾನ ಪೂರ್ತಿ ಆಸ್ಪತ್ರಿ ಬಾಗಿಲು ಕಾಯ್ಬೇಕಾ?" ಅಂದಳು. ಹೂವಿನ ತಟ್ಟೆ ಹೋದಂತೆಯೇ ವಾಪಸ್ಸು ಬಂತು. ಹೊರಡುವಾಗ ಮಲ್ಲಿಯ ಅಪ್ಪ ನನ್ನ ಹತ್ತಿರ ಬಂದು, "ನೀವೇ ಹೇಳ್ಕೊಟ್ರಿ," ಅಂದರು. ಇಲ್ಲ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಮನೆ ತಲುಪಿದ ಮೇಲೆ ಚಿಕ್ಕಮ್ಮ ನನ್ನ ಬ್ಯಾಗು ತಂದು ಜಗಲಿಯ ಮೇಲಿಟ್ಟಳು. "ನನ್ನ ಮನೆ ಅನ್ನ ತಿಂದು ನನ್ನ ಮಗನ್ನ ಹಳ್ಳಕ್ಕೆ ತಳ್ಳೋಕೆ ನೋಡಿದ್ಯಲ್ಲೇ. ಓಗು, ಯಾರಿಗೂ ಹೇಳದೆ ಎಲ್ಲಾದ್ರೂ ಇರು." ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ರೂಮು ಹಿಡಿದೆ. ಹುಣಸೆ ಮುಗಿಯಿತು. ಬೇಸಿಗೆ ಮಳೆ ಒಂದೆರಡು ಸಲ ಗುಡುಗಿ ಹೋಯಿತು. ಮಲ್ಲಿ ತಿಂಗಳು ತಪ್ಪದೆ ಮಾತ್ರೆಗೆ ಬರುತ್ತಿದ್ದಳು. ನನ್ನನ್ನು ದೂರಲಿಲ್ಲ, ಹೊಗಳಲೂ ಇಲ್ಲ. ಅವಳು ಕಿಟಕಿಯ ಬಳಿ ಬಂದಾಗಲೆಲ್ಲ, ಹೇಳದೇ ಇದ್ದಿದ್ದರೆ ಇಷ್ಟು ಹೊತ್ತಿಗೆ ಮದುವೆಯಾಗಿರುತ್ತಿತ್ತು ಎಂದು ಒಂದು ದನಿ, ಮಾತ್ರೆ ನಿಂತಿರುತ್ತಿತ್ತು ಎಂದು ಇನ್ನೊಂದು. ಎರಡೂ ನನ್ನವೇ.

ಶೇಖರ ಹಟಮಾರಿ ಎಂದು ನನಗೆ ಗೊತ್ತಿತ್ತು, ಇಷ್ಟು ಎಂದು ಗೊತ್ತಿರಲಿಲ್ಲ. ತಾಯಿ ತಂದ ಹೆಣ್ಣುಗಳಿಗೆಲ್ಲ ಅವನದು ಒಂದೇ ಪ್ರಶ್ನೆಯಂತೆ: "ಇವಳು ಮನಸ್ಸಿನಲ್ಲಿರೋದು ಹೇಳ್ತಾಳಾ?" ಜಗಳ, ಊಟ ಬಿಡುವುದು, ಆಟೋದಲ್ಲೇ ಮಲಗುವುದು. ಮಳೆಗಾಲದ ಆವಣಿ ತಿಂಗಳಲ್ಲಿ ಚಿಕ್ಕಮ್ಮ ಸೋತಳು. ಮದುವೆಗೆ ಹೋದೆ. ಚಿಕ್ಕಮ್ಮ ನನ್ನ ಮುಖ ನೋಡದೆ ತಾಂಬೂಲ ಕೊಟ್ಟಳು. ಆ ವರ್ಷವೇ ನನಗೆ ಸೇಲಂಗೆ ವಾಪಸ್ಸು ವರ್ಗವಾಯಿತು. ಆಮೇಲೆ ನಾವು ಮಾತಾಡಿದ್ದೆಲ್ಲ ಬೇರೆಯವರ ಮದುವೆಗಳಲ್ಲಿ, ಅನ್ನ ಸಾರಿನ ಬಗ್ಗೆ.

ಹೋದ ತಿಂಗಳು ಆ ಬಸ್ಸಿನಲ್ಲಿ ನಾನು ಹೋಗುತ್ತಿದ್ದದ್ದು ಅವಳು ಕರೆದಳೆಂದು. "ಒಬ್ಳೇ ಬಾ," ಎಂದಷ್ಟೇ ಫೋನಿನಲ್ಲಿ ಹೇಳಿದ್ದಳು. ಹೋದೆ. ಮಲ್ಲಿ ಅಂಗಳದಲ್ಲಿ ಮಗುವಿಗೆ ಸ್ನಾನ ಮಾಡಿಸುತ್ತಿದ್ದಳು. ಚಿಕ್ಕಮ್ಮ ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದಕ್ಕೆಳೆದು, ತನಗೇನಾಗಿದೆ ಎಂದು ತೋರಿಸಿದಳು. ಏನೆಂದು ಬರೆಯುವುದಿಲ್ಲ. ಬಹಳ ದಿನದಿಂದ ಮುಚ್ಚಿಟ್ಟುಕೊಂಡಿದ್ದಾಳೆಂದು ನೋಡಿದರೇ ತಿಳಿಯುತ್ತಿತ್ತು.

"ಸೇಲಂಗೆ ಬಂದು ತೋರಿಸ್ಬೇಕು ಚಿಕ್ಕವ್ವ. ತಡ ಮಾಡಂಗಿಲ್ಲ. ಜೊತೆಗೆ ಒಬ್ರು ಬೇಕು. ಮಲ್ಲಿ ಬರ್ಲಿ."

"ಬ್ಯಾಡ. ಅವಳಿಗೆ ಮೊದ್ಲು ಬ್ಯಾಡ." ಚಿಕ್ಕಮ್ಮ ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಗೋಡೆಯ ಕಡೆ ತಿರುಗಿದಳು. "ಅವತ್ತು ನಾನು ಆಡಿದ ಮಾತು ಅವಳು ಒಂದಿನಾನೂ ಎತ್ತಿಲ್ಲ. ಎತ್ತಿದ್ರೆ ಜಗಳ ಆಡಿ ಮುಗಿಸ್ಕೊಂತಿದ್ದೆ. ಈಗ ನಾನು ಸೀಕು ಹೆಂಗಸು ಅಂತ ಅವಳ ಮುಂದೆ ಹೆಂಗೆ ನಿಂತ್ಕೊಳ್ಳಲಿ?"

"ನಾನು ಹೇಳಲ್ಲ."

"ನೀನು ಹೇಳಲ್ಲ ಅಂತ ತಾನೆ ನಿನ್ನನ್ನ ಕರೆದಿದ್ದು."

ಊಟಕ್ಕೆ ಕೂರಿಸಿದರು. ಚಿಕ್ಕಮ್ಮ ಬಡಿಸಲಿಲ್ಲ, ಒಳಗೇ ಇದ್ದಳು. ಮಲ್ಲಿ ಬಡಿಸಿ, ಮಜ್ಜಿಗೆ ತರಲು ಒಳಗೆ ಹೋದವಳು ಬರುವುದು ತಡವಾಯಿತು. ಆಮೇಲೆ ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದಳು. ದಾರಿಯುದ್ದಕ್ಕೂ ಕಾದೆ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ. ಹೇಳಲಾರೆ ಎಂಬುದನ್ನು ಇವಳಿಗೆ ನೋವಾಗದಂತೆ ಹೇಗೆ ಹೇಳುವುದು ಎಂದು ಮಾತು ಜೋಡಿಸುತ್ತಿದ್ದೆ. ಅವಳು ಇಸ್ಕೂಲಿನ ವಿಷಯ, ಮಗುವಿನ ಹಲ್ಲಿನ ವಿಷಯ ಮಾತಾಡುತ್ತ ನಡೆದಳು. ಬಸ್ಸು ದೂರದಲ್ಲಿ ಕಂಡಿತು.

"ಬುಧವಾರ ಇಸ್ಕೂಲಿಗೆ ರಜಾ ಹಾಕ್ತೀನಿ ಅಕ್ಕಾ. ಅತ್ತೇನ ಕರ್ಕೊಂಡು ಬರ್ತೀನಿ. ಎಷ್ಟೊತ್ತಿಗೆ ಬಂದ್ರೆ ಟೋಕನ್ ಸಿಗ್ತದೆ?"

"ಯಾಕೆ, ಚಿಕ್ಕವ್ವಂಗೇನಾಯ್ತು?" ಅಂದೆ, ಏನೂ ಅರಿಯದವಳಂತೆ.

ಮಲ್ಲಿ ನನ್ನನ್ನು ಒಂದು ಕ್ಷಣ ನೋಡಿದಳು. "ಪರವಾಗಿಲ್ಲ ಅಕ್ಕಾ. ಮಜ್ಜಿಗೆಗೆ ಓದಾಗ ಅವರೇ ಕೂರಿಸ್ಕೊಂಡು ಹೇಳಿದ್ರು."

ಬಸ್ಸು ನಿಂತಿತು. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆಯೇ ಬಂದುಬಿಡಿ, ಏನೂ ತಿನ್ನದೆ ಬರಲಿ, ಹಳೆಯ ಚೀಟಿಗಳಿದ್ದರೆ ತನ್ನಿ ಎಂದು ಒಂದೇ ಉಸಿರಿಗೆ ಹೇಳಿ ಮೆಟ್ಟಿಲು ಹತ್ತಿದವಳು, ತಡೆಯಲಾರದೆ ತಿರುಗಿ ಕೇಳಿದೆ: "ನಿನ್ನ ಹತ್ರ ಏನಂದ್ಲು ಚಿಕ್ಕವ್ವ?"

"ಅದು ನಮ್ಮಿಬ್ಬರ ಮಾತು ಅಕ್ಕಾ," ಅಂದಳು ಮಲ್ಲಿ. ಕಂಡಕ್ಟರು ಸೀಟಿ ಊದಿದ.

ಏನಂದಿರಬಹುದು ಎಂದು ಪಾಪಿರೆಡ್ಡಿಪಟ್ಟಿ ದಾಟುವವರೆಗೂ ಯೋಚಿಸಿದೆ. ಕೇಳಬಾರದ್ದನ್ನು ಕೇಳಿಬಿಟ್ಟೆನಲ್ಲ ಎಂದು ಅಲ್ಲಿಂದ ಸೇಲಂವರೆಗೆ.